ಹಳೆಯ ಡಿಕ್ರಿ: ಹೆದರಿ ಮುಚ್ಚಿಡುವುದಲ್ಲ, ಕೂತು ತೀರಿಸುವುದು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಕಾಯಕದ ಬಗ್ಗೆ, ದಾಸೋಹದ ಬಗ್ಗೆ ಇಲ್ಲಿ ಬಹಳ ಸಲ ಕೇಳಿದ್ದೇವೆ. ಇವತ್ತು ನಾನು ಮಾತಾಡಬೇಕೆಂದಿರುವುದು ಸಾಲದ ಬಗ್ಗೆ. ಅದರಲ್ಲೂ ಎಂದೋ ಒಂದು ದಿನ ಕೋರ್ಟಿನಲ್ಲಿ ಡಿಕ್ರಿ ಆಗಿ, ಆ ಕಾಗದ ಟ್ರಂಕಿನ ತಳ ಸೇರಿ, ಮನೆಯಲ್ಲಿ ಯಾರೂ ಬಾಯಿ ಬಿಡದೆ ಇರುವ ಹಳೆಯ ಸಾಲದ ಬಗ್ಗೆ. ನಾನು ವಕೀಲನಲ್ಲ, ಸರ್ಕಾರಿ ಎಂಜಿನಿಯರ್ ಆಗಿ ದುಡಿದವನು. ಕಾನೂನನ್ನು ಒಬ್ಬ ಓದುಗನಾಗಿ ತಿಳಿದುಕೊಂಡಷ್ಟು ಹೇಳುತ್ತೇನೆ. ನಿಮ್ಮ ನಿಮ್ಮ ಕೇಸಿಗೆ ವಕೀಲರನ್ನು ಕೇಳಲೇಬೇಕು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಮ್ಮ ಈ ನಾಲ್ಕು ತಾಲ್ಲೂಕಿನ ಬದುಕು ಹೇಗಿದೆ ನೋಡಿ. ತಂಬಾಕು ಬೆಳೆಯುವವನಿಗೆ ವರ್ಷಕ್ಕೊಮ್ಮೆ ದುಡ್ಡು. ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದದ ಹರಾಜು ಕಟ್ಟೆಯಲ್ಲಿ ಬೇಲು ಮಾರಾಟವಾದಾಗ ಮಾತ್ರ ಕೈಗೆ ಕಾಸು. ಬ್ಯಾರನ್ನಿಗೆ ಸೌದೆ, ಗೊಬ್ಬರ, ಕೂಲಿ ಎಲ್ಲವೂ ಅದಕ್ಕೆ ಮೊದಲೇ ಸಾಲದಲ್ಲಿ ಆಗಬೇಕು. ನಡುವೆ ಒಂದು ಮದುವೆ, ಒಂದು ಬೋರ್‌ವೆಲ್, ಒಂದು ಆಸ್ಪತ್ರೆ. ಬೆಲೆ ಬಿದ್ದ ವರ್ಷ ಕಂತು ತಪ್ಪುತ್ತದೆ. ನೋಟಿಸು ಬರುತ್ತದೆ, ಕೋರ್ಟಿಗೆ ಹೋಗುವುದೇ ಮರ್ಯಾದೆಗೇಡು ಎಂದು ಯಜಮಾನರು ಹೋಗುವುದಿಲ್ಲ. ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗುತ್ತದೆ. ಅಲ್ಲಿಂದ ಮುಂದೆ ಮೌನ. ಹತ್ತು ವರ್ಷದ ನಂತರ ಅಮೀನರು ಬಾಗಿಲಿಗೆ ಬಂದಾಗ ಮಕ್ಕಳಿಗೆ ಮೊದಲ ಸಲ ವಿಷಯ ಗೊತ್ತಾಗುತ್ತದೆ.

2015ರಲ್ಲಿ ರಾಜ್ಯದಲ್ಲಿ ಎಷ್ಟು ರೈತರು ಜೀವ ಕಳೆದುಕೊಂಡರು ಎಂಬುದನ್ನು ನಾವು ಮರೆತಿಲ್ಲ. ಸಾಲಕ್ಕಿಂತ ಹೆಚ್ಚಾಗಿ ಮನುಷ್ಯನನ್ನು ಕೊಲ್ಲುವುದು ಒಬ್ಬನೇ ಹೊತ್ತುಕೊಂಡ ಹೆದರಿಕೆ. ಆ ಹೆದರಿಕೆಯಲ್ಲಿ ಅರ್ಧ, ವಿಷಯ ಗೊತ್ತಿಲ್ಲದೆ ಹುಟ್ಟಿದ್ದು. ಅದಕ್ಕೇ ಈ ಮಾತು.

ಮೊದಲನೆಯದಾಗಿ, ಕಾಗದ ಹುಡುಕಿ. ಡಿಕ್ರಿ ಎಂದರೆ ಇಷ್ಟು ಹಣ ಕೊಡಬೇಕೆಂದು ಸಿವಿಲ್ ಕೋರ್ಟು ಬರೆದ ಆದೇಶ. ಅದು ಅಪರಾಧದ ತೀರ್ಪಲ್ಲ. (ಚೆಕ್ ಬೌನ್ಸ್ ಕೇಸು ಬೇರೆ, ಅದು ಕ್ರಿಮಿನಲ್ ಕೋರ್ಟಿನಲ್ಲಿ ನಡೆಯುತ್ತದೆ. ಎರಡನ್ನೂ ಬೆರೆಸಬೇಡಿ.) ಕೇಸಿನ ನಂಬರ್ ಗೊತ್ತಿಲ್ಲದಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು, ಓದುವ ಮಕ್ಕಳಿಗೆ ಹೇಳಿದರೆ ಮಾಡಿಕೊಡುತ್ತಾರೆ. ತೀರಾ ಹಳೆಯದಾದರೆ ತಾಲ್ಲೂಕು ಕೋರ್ಟಿನ ಕಚೇರಿಯಲ್ಲೇ ವಿಚಾರಿಸಬೇಕು. ಡಿಕ್ರಿಯ ದೃಢೀಕೃತ ನಕಲು ಪಡೆಯಿರಿ. ಅದರಲ್ಲಿ ನಾಲ್ಕು ವಿಷಯ ನೋಡಿ: ಯಾವ ದಿನಾಂಕ, ಎಷ್ಟು ಅಸಲು, ಎಷ್ಟು ಬಡ್ಡಿ, ಯಾರ ಯಾರ ಮೇಲೆ. ಜಾಮೀನು ಹಾಕಿದವರ ಹೆಸರೂ ಸಾಮಾನ್ಯವಾಗಿ ಅಲ್ಲಿರುತ್ತದೆ. ಸಾಲ ಪಡೆದವನಷ್ಟೇ ಹೊಣೆ ಜಾಮೀನುದಾರನಿಗೂ ಇದೆ.

ಎರಡನೆಯದು, ದಿನಾಂಕದ ಲೆಕ್ಕ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಹಣದ ಡಿಕ್ರಿಯನ್ನು ಜಾರಿ ಮಾಡಿಸಲು ಡಿಕ್ರಿದಾರನಿಗೆ 12 ವರ್ಷ ಅವಕಾಶ. "ಮೂರು ವರ್ಷ ಆಯಿತು, ಸಾಲ ಸತ್ತುಹೋಯಿತು" ಎಂದು ಹಳ್ಳಿಯಲ್ಲಿ ಹೇಳುತ್ತಾರೆ. ಆ ಮೂರು ವರ್ಷ ದಾವೆ ಹಾಕುವುದಕ್ಕೆ, ಡಿಕ್ರಿ ಆದ ಮೇಲೆ ಅಲ್ಲ. ಒಂದು ಅಮಲ್ಜಾರಿ ಅರ್ಜಿ ಮುಚ್ಚಿಹೋದರೂ ಡಿಕ್ರಿ ಸಾಯುವುದಿಲ್ಲ, 12 ವರ್ಷದೊಳಗೆ ಮತ್ತೆ ಅರ್ಜಿ ಹಾಕಬಹುದು. ಅವಧಿಯೊಳಗೆ ಹಾಕಿದ ಅರ್ಜಿ ಬಾಕಿ ಇದ್ದರೆ 12 ವರ್ಷ ದಾಟಿದರೂ ಅದು ನಡೆಯುತ್ತದೆ. "ಈಗ ಸ್ವಲ್ಪ ಕಟ್ಟಿದರೆ ಮತ್ತೆ 12 ವರ್ಷ ಶುರುವಾಗುತ್ತದೆ" ಎಂಬ ಇನ್ನೊಂದು ಮಾತಿದೆ. ಡಿಕ್ರಿಯ ಹಣಕ್ಕೆ ಅದು ಅನ್ವಯಿಸುವುದಿಲ್ಲ. ಆ ಭಯದಿಂದ ಕಟ್ಟುವುದನ್ನು ತಡೆಯಬೇಡಿ.

ಸಮನ್ಸ್ ನಿಜವಾಗಿಯೂ ತಲುಪಿರದೆ ಏಕಪಕ್ಷೀಯ ಡಿಕ್ರಿ ಆಗಿದ್ದರೆ ಅದನ್ನು ರದ್ದುಪಡಿಸಲು ಕೇಳಬಹುದು. ಆದರೆ ವಿಷಯ ಗೊತ್ತಾದ ದಿನದಿಂದ 30 ದಿನದೊಳಗೆ ಅರ್ಜಿ ಹೋಗಬೇಕು. ಹಾಗಾಗಿ ನೋಟಿಸು ಬಂದ ದಿನವೇ ಲಕೋಟೆಯ ಮೇಲೆ ತಾರೀಖು ಬರೆದಿಡಿ.

ಮೂರನೆಯದು, ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಇದನ್ನು ಹೇಳುತ್ತದೆ. ಉಡುವ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ಧಾರ್ಮಿಕ ರೂಢಿಯಂತೆ ಹೆಣ್ಣುಮಗಳು ತೆಗೆಯಬಾರದ ಒಡವೆ ಜಪ್ತಿಗೆ ಬರುವುದಿಲ್ಲ. ಬೇಸಾಯಗಾರನ ಉಪಕರಣ, ಜೀವನಕ್ಕೆ ಬೇಕಾದಷ್ಟು ದನ ಮತ್ತು ಬಿತ್ತನೆ ಕಾಳು, ಅವನು ವಾಸವಿರುವ ಮನೆ ಇವಕ್ಕೂ ರಕ್ಷಣೆ ಇದೆ. ಸರ್ಕಾರಿ ಪಿಂಚಣಿಯನ್ನು ಜಪ್ತಿ ಮಾಡುವಂತಿಲ್ಲ. ಸಂಬಳದಲ್ಲಿ ಮೊದಲ 1000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗ ನೌಕರನದೇ. ಜಾಮೀನು ಹಾಕಿ ಸಂಬಳ ಕಡಿತಕ್ಕೆ ಸಿಕ್ಕಿದ ಮೇಷ್ಟ್ರುಗಳು ಇದನ್ನು ತಿಳಿದಿರಬೇಕು. ಆದರೆ ಒಂದು ಎಚ್ಚರಿಕೆ: ನೀವೇ ಅಡಮಾನ ಬರೆದುಕೊಟ್ಟ ಆಸ್ತಿಗೆ ಈ ರಕ್ಷಣೆ ಸಿಗುವುದಿಲ್ಲ. ಉಳಿದ ಜಮೀನು ಹರಾಜಿಗೆ ಬರಬಹುದು. ಹರಾಜಾಗಿ ಹೋದರೂ 60 ದಿನದೊಳಗೆ ಹರಾಜು ಪ್ರಕಟಣೆಯಲ್ಲಿರುವ ಬಾಕಿಯನ್ನೂ, ಕೊಂಡವನಿಗೆ ಕೊಡಲು ಅವನ ಬೆಲೆಯ ಶೇ. 5ರಷ್ಟನ್ನೂ ಕೋರ್ಟಿನಲ್ಲಿ ಠೇವಣಿ ಇಟ್ಟು ಹರಾಜು ರದ್ದುಮಾಡಲು ಅರ್ಜಿ ಹಾಕಬಹುದು.

ಜೈಲಿನ ವಿಷಯ. ಸಾಲ ತೀರಿಸಲಾಗದ ಬಡವನನ್ನು ಬಡವ ಎಂಬ ಕಾರಣಕ್ಕೇ ಜೈಲಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲಿ ಬ್ಯಾಂಕ್ ಆಫ್ ಕೊಚ್ಚಿನ್ ಪ್ರಕರಣದಲ್ಲಿ ಹೇಳಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಅದು. ಕೊಡುವ ಶಕ್ತಿ ಇದ್ದೂ ದುರುದ್ದೇಶದಿಂದ ಕೊಡದವನಿಗೆ, ಆಸ್ತಿ ಮರೆಮಾಚುವವನಿಗೆ ಮಾತ್ರ ಸಿವಿಲ್ ಜೈಲು. ಅದೂ ಮೂರು ತಿಂಗಳು ಮೀರುವಂತಿಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಇದನ್ನು ಮನೆಯಲ್ಲಿ ಅಕ್ಕತಂಗಿಯರಿಗೆ ಹೇಳಿ. ಆದರೆ "ಯಾಕೆ ಬಂಧಿಸಬಾರದು" ಎಂದು ಕೋರ್ಟು ನೋಟಿಸು ಕೊಟ್ಟಾಗ ಹೋಗದೆ ಇದ್ದರೆ ನಿಮ್ಮ ಬಡತನವನ್ನು ನಿಮ್ಮ ಪರವಾಗಿ ಹೇಳುವವರು ಯಾರೂ ಇರುವುದಿಲ್ಲ.

ಅಪ್ಪ ತೀರಿಕೊಂಡಿದ್ದರೆ? ಅಪ್ಪನಿಂದ ಮಕ್ಕಳ ಕೈಗೆ ಬಂದ ಆಸ್ತಿಯ ಮಟ್ಟಿಗೆ ಅವರು ಹೊಣೆ. ಮಗ ತಾನೇ ದುಡಿದು ಕೊಂಡದ್ದಕ್ಕೆ ಅಲ್ಲ. ತಂದೆಯ ಋಣ ತೀರಿಸುವುದು ಮಗನ ಧರ್ಮ ಎಂಬ ಹಳೆಯ ನಿಯಮದ ಮೇಲಷ್ಟೇ ಮಗನನ್ನು ಹಿಡಿಯುವುದು, 2005ರ ಸೆಪ್ಟೆಂಬರ್ 9ರ ನಂತರ ಮಾಡಿದ ಸಾಲಕ್ಕೆ ನಡೆಯುವುದಿಲ್ಲ. ಒಟ್ಟು ಕುಟುಂಬದ ಅಗತ್ಯಕ್ಕೆ ಯಜಮಾನ ಮಾಡಿದ ಸಾಲದ ಮಾತು ಬೇರೆ, ಅದನ್ನು ವಕೀಲರ ಹತ್ತಿರ ಕೇಳಿ.

ನಾಲ್ಕನೆಯದು ನನ್ನ ಕಸುಬಿಗೆ ಹತ್ತಿರದ್ದು, ಅಂದಾಜು ಪಟ್ಟಿ. ಡಿಕ್ರಿ 2,00,000 ರೂಪಾಯಿಗೆ ಆಗಿದೆ, 11 ವರ್ಷ ಕಳೆದಿದೆ ಎಂದಿಟ್ಟುಕೊಳ್ಳಿ. ಡಿಕ್ರಿಯಲ್ಲಿ ಶೇ. 6 ಸರಳ ಬಡ್ಡಿ ಇದ್ದರೆ ಬಡ್ಡಿ 1,32,000, ಒಟ್ಟು 3,32,000. ಶೇ. 12 ಸರಳ ಬಡ್ಡಿ ಇದ್ದರೆ ಒಟ್ಟು 4,64,000. ಯಾರಾದರೂ ಶೇ. 12ರಂತೆ ಚಕ್ರಬಡ್ಡಿ ಹಾಕಿ ತಂದರೆ ಸುಮಾರು 6,95,000 ಆಗುತ್ತದೆ. ಒಂದೇ ಡಿಕ್ರಿ, ಮೂರು ಮೊತ್ತ. ಡಿಕ್ರಿಯ ನಂತರ ಅದರಲ್ಲಿ ಬರೆದಿರುವ ಬಡ್ಡಿ ಮಾತ್ರ ಸಲ್ಲುತ್ತದೆ, ಸಾಲ ಕೊಟ್ಟವರ ಪುಸ್ತಕದ ಬಡ್ಡಿ ಅಲ್ಲ. ವ್ಯವಹಾರದ ಸಾಲವಲ್ಲದಿದ್ದರೆ ಈ ಬಡ್ಡಿ ಶೇ. 6 ದಾಟುವಂತಿಲ್ಲ. ಕೂತು ಲೆಕ್ಕ ಹಾಕದೆ ಮಾತುಕತೆಗೆ ಹೋಗಬೇಡಿ.

ಐದನೆಯದು ಮಾತುಕತೆ. ಡಿಕ್ರಿ ಆದ ಮೇಲೆ ಕಂತು ಬೇಕೆಂದರೆ ಡಿಕ್ರಿದಾರನ ಒಪ್ಪಿಗೆ ಬೇಕು. ಆದ್ದರಿಂದ ಮೊದಲು ಅವರನ್ನೇ ಕಾಣಬೇಕು. ತಿಂಗಳ ಕಂತು ಒಪ್ಪಿಕೊಳ್ಳಬೇಡಿ, ನಮಗೆ ತಿಂಗಳ ಆದಾಯ ಎಲ್ಲಿದೆ? ತಂಬಾಕಿನ ಹರಾಜು, ಭತ್ತದ ಕೊಯ್ಲು ನೋಡಿ ಕಂತು ಕಟ್ಟಿಸಿಕೊಳ್ಳಿ. ಲೋಕ ಅದಾಲತ್ತಿನಲ್ಲಿ ರಾಜಿ ಆದರೆ ಅದು ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಕಟ್ಟಲಾಗುವಷ್ಟನ್ನೇ ಒಪ್ಪಬೇಕು. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ತಿಳಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯ ಇದು, ದಯವಿಟ್ಟು ನೆನಪಿಡಿ. ನಂಬಿಕೆಯ ಮೇಲೆ ಕೈಯಲ್ಲಿ ಕೊಟ್ಟ ದುಡ್ಡು ಕೋರ್ಟಿನ ಕಡತಕ್ಕೆ ಹೋಗದಿದ್ದರೆ ಜಾರಿ ಮಾಡುವ ಕೋರ್ಟು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊಟ್ಟವನೂ ಪಡೆದವನೂ ತೀರಿಕೊಂಡರೆ ಮಕ್ಕಳು ಮತ್ತೊಮ್ಮೆ ಕಟ್ಟಬೇಕಾದೀತು. ಕೋರ್ಟಿನಲ್ಲೇ ಠೇವಣಿ ಇಡಿ, ಇಲ್ಲವೆ ಬ್ಯಾಂಕಿನ ಮೂಲಕ ಕಟ್ಟಿ. ಹೊರಗೆ ಕಟ್ಟಿದರೆ ಅದನ್ನು ದಾಖಲಿಸಿಕೊಳ್ಳುವಂತೆ 30 ದಿನದೊಳಗೆ ಕೋರ್ಟಿಗೆ ಅರ್ಜಿ ಕೊಡಿ. ಪೂರ್ತಿ ತೀರಿದ ಮೇಲೆ "ಡಿಕ್ರಿ ಪೂರ್ಣ ತೃಪ್ತಿ" ಎಂದು ದಾಖಲಾದ ಆದೇಶದ ನಕಲು ಪಡೆಯಿರಿ. ಬ್ಯಾಂಕಿನ ಋಣಮುಕ್ತ ಪತ್ರ ತಂದು ಪಹಣಿಯ 11ನೇ ಕಾಲಂನಲ್ಲಿರುವ ಋಣವನ್ನು ತೆಗೆಸಿ. ಕಾಲುವೆ ಕಟ್ಟಿದವರು ಅಳತೆ ಪುಸ್ತಕಕ್ಕೆ ಬರೆಯುವ ತನಕ ಕೆಲಸ ಮುಗಿಯಿತೆನ್ನುವುದಿಲ್ಲ. ಇದೂ ಹಾಗೆಯೇ.

ಸಾಲಮನ್ನಾ ಬರುತ್ತದೆ, ಕಾಯೋಣ ಎನ್ನುವವರಿಗೆ ಒಂದು ಮಾತು. ನಮ್ಮ ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸು ಅವರು ಮುಖ್ಯಮಂತ್ರಿ ಆಗಿದ್ದಾಗ, 1976ರಲ್ಲಿ ಋಣ ಪರಿಹಾರ ಕಾಯಿದೆ ಬಂತು. ಸಣ್ಣ ರೈತರು, ಭೂಮಿ ಇಲ್ಲದ ಕೂಲಿಗಳು, ದುರ್ಬಲ ವರ್ಗದವರು ಖಾಸಗಿಯವರಿಂದ ಪಡೆದಿದ್ದ ಸಾಲದಿಂದ ಬಿಡುಗಡೆ ಹೊಂದಿದರು. ಅದು ದೊಡ್ಡ ಕೆಲಸ. ಆದರೆ ಅಂದೂ ಬ್ಯಾಂಕು, ಸಹಕಾರ ಸಂಘಗಳ ಸಾಲ ಅದರಲ್ಲಿ ಸೇರಿರಲಿಲ್ಲ. ಮನ್ನಾ ನಿಮ್ಮ ಸಾಲಕ್ಕೆ ಅನ್ವಯಿಸುತ್ತದೆಯೇ ಎಂದು ಕೇಳಿ ತಿಳಿಯಬೇಕೇ ಹೊರತು, ಡಿಕ್ರಿ ತಾನಾಗಿ ಅಳಿಯಿತೆಂದು ಕೂರಬಾರದು.

ಕೊನೆಗೆ ಒಂದು ಕಷ್ಟದ ಪ್ರಶ್ನೆ. 12 ವರ್ಷ ಕಳೆದು ಕೋರ್ಟಿನ ಬಾಗಿಲು ಮುಚ್ಚಿದರೆ ಸಾಲ ತೀರಿತೇ? ಕಾನೂನಿನ ಬಲವಂತ ತೀರಿತು. ಕೈಸಾಲ ಕೊಟ್ಟವನು ನಮ್ಮಂತೆಯೇ ಬೆವರು ಸುರಿಸಿದವನಾಗಿದ್ದರೆ ನಮ್ಮ ಮನಸ್ಸು ಏನು ಹೇಳುತ್ತದೆ ಎಂಬುದನ್ನು ಅವರವರೇ ಕೇಳಿಕೊಳ್ಳಬೇಕು. ಮಾರಯ್ಯ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಲಕ್ಕಮ್ಮ ತಾಯಿಯ ಕಥೆ ನಮಗೆಲ್ಲ ಗೊತ್ತು. ಅದು ಸಾಲಗಾರನಿಗೆ ಮಾತ್ರ ಹೇಳಿದ್ದಲ್ಲ. ಸಾಲ ಕೊಟ್ಟವರೂ ಇಲ್ಲಿ ಕೂತಿದ್ದೀರಿ. ಅಸಲಿನ ಮೂರು ಪಟ್ಟು ಬಡ್ಡಿ ಕೇಳುವಾಗ, ಎದುರಿಗಿರುವವನ ಕೊರಳಿನಲ್ಲೂ ಇಷ್ಟಲಿಂಗ ಇದೆ ಎಂಬುದು ನಿಮಗೂ ನೆನಪಿರಲಿ. ಲಿಂಗ ಇಲ್ಲದವನಾದರೆ ಅವನೂ ಮನುಷ್ಯನೇ.

ಪೂಜ್ಯರಲ್ಲಿ ನನ್ನದೊಂದು ಬಿನ್ನಹ. ತಿಂಗಳಿಗೊಂದು ದಿನ ಮಠದ ಒಂದು ಕೋಣೆಯಲ್ಲಿ ಇಬ್ಬರು ವಕೀಲರು, ಲೆಕ್ಕ ಬಲ್ಲ ಇಬ್ಬರು ನಿವೃತ್ತರು ಕೂರಲಿ. ಟ್ರಂಕಿನ ತಳದ ಕಾಗದ ಹಿಡಿದು ಬರುವವರಿಗೆ ಅದನ್ನು ಓದಿ ಹೇಳಲಿ, ಹೆಸರು ಹೊರಗೆ ಹೋಗದಿರಲಿ. ಅನ್ನದ ದಾಸೋಹದ ಪಕ್ಕದಲ್ಲಿ ಇದೂ ನಡೆಯಬಹುದು. ಲೆಕ್ಕ ಹಾಕುವ ಕೆಲಸಕ್ಕೆ ನನ್ನ ಹೆಸರನ್ನು ಇವತ್ತೇ ಬರೆದುಕೊಳ್ಳಿ.