ಕಡ್ಡಿ ಅರ್ಧ, ಜೀಪು ಅರ್ಧ

ಕಾಡುಮೇಡು ಸುತ್ತುವ ಕೆಲವು ಜೀಪುಗಳ ನೆತ್ತಿಯ ಮೇಲೆ ಒಂದು ಸಪೂರ ಕಡ್ಡಿ ನಿಂತಿರುತ್ತದೆ. ಉದ್ದ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ. ಹಾಡು ಕೇಳುವ ರೇಡಿಯೊದ ಕಡ್ಡಿ ಎಂದುಕೊಂಡರೆ ಅರ್ಧ ಮಾತ್ರ ಸರಿ. ಅದು ಕೇಳಿಸಿಕೊಳ್ಳುತ್ತದೆ, ಮಾತನ್ನೂ ಕಳಿಸುತ್ತದೆ. ಒಳಗೆ ಕೂತವರು ಮೈಕಿನ ಗುಂಡಿ ಒತ್ತಿ ಮಾತಾಡಿದರೆ, ಆ ಮಾತು ಯಾವ ಮೊಬೈಲ್ ಟವರಿನ ಹಂಗೂ ಇಲ್ಲದೆ ಇನ್ನೊಂದು ಜೀಪಿನ ಕಡ್ಡಿಗೆ ಹೋಗಿ ಸೇರುತ್ತದೆ. ಹೀಗೆ ಹವ್ಯಾಸಕ್ಕಾಗಿ ರೇಡಿಯೊ ನಡೆಸುವವರನ್ನು ಹ್ಯಾಮ್‌ಗಳು ಅಂತಾರೆ.

ಹವ್ಯಾಸವೇನೋ ಹೌದು, ಆದರೆ ಆಪತ್ತಿಗೆ ಒದಗುವ ಹವ್ಯಾಸ. 2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಎಂಬ ಹ್ಯಾಮ್ ಪೋರ್ಟ್ ಬ್ಲೇರಿನಲ್ಲಿದ್ದರು. ಫೋನುಗಳು ಸ್ತಬ್ಧವಾಗಿದ್ದ ಹೊತ್ತಿನಲ್ಲಿ ಅಂಡಮಾನಿನ ಸುದ್ದಿ ಅವರ ರೇಡಿಯೊದಿಂದ ಹೊರಗೆ ಬಂತು. ನಮ್ಮ ಹೊನ್ನಾಳಿಯವರಿಗೂ ನೀರಿನ ಭಯ ಹೊಸದಲ್ಲ. ಮೇಲಿನ ಅಣೆಕಟ್ಟುಗಳ ಗೇಟು ತೆರೆದರೆ ತುಂಗಭದ್ರೆ ತಗ್ಗಿನ ಮನೆಗಳ ಬಾಗಿಲಿಗೇ ಬರುತ್ತಾಳೆ. ಅಂಥ ಹೊತ್ತಿನಲ್ಲಿ ಕೆಸರಲ್ಲಿ ನುಗ್ಗಬಲ್ಲ ಜೀಪೊಂದು, ಅದರ ಮೇಲೆ ಸರಿಯಾಗಿ ನಿಂತ ಕಡ್ಡಿಯೊಂದು ಇದ್ದರೆ ಎಷ್ಟು ಅನುಕೂಲ ಯೋಚಿಸಿ.

ಸರಿಯಾಗಿ ನಿಂತ ಅಂದೆನಲ್ಲ, ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ಮೊದಲು ಉದ್ದದ ಲೆಕ್ಕ. ರೇಡಿಯೊ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಒಂದು ಸೆಕೆಂಡಿನಲ್ಲಿ ಅದು ಎಷ್ಟು ಸಲ ಏರಿಳಿಯುತ್ತದೆಯೋ ಆ ಸಂಖ್ಯೆಯಿಂದ ಇದನ್ನು ಭಾಗಿಸಿದರೆ ಒಂದು ಅಲೆಯ ಉದ್ದ, ಅಂದರೆ ತರಂಗದೂರ ಸಿಗುತ್ತದೆ. ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗ 675 ಕಿಲೋಹರ್ಟ್ಸ್. ಭಾಗಿಸಿ ನೋಡಿ, ಒಂದೊಂದು ಅಲೆ ಸುಮಾರು 444 ಮೀಟರ್! ಜೀಪುಗಳ ಹ್ಯಾಮ್‌ಗಳು ಹೆಚ್ಚಾಗಿ ಬಳಸುವುದು 145 ಮೆಗಾಹರ್ಟ್ಸ್ ಆಸುಪಾಸನ್ನು. ಅಲ್ಲಿ ಅಲೆಯ ಉದ್ದ 2 ಮೀಟರ್ ಚಿಲ್ಲರೆ. ಅದರ ಕಾಲು ಭಾಗ ಸುಮಾರು 52 ಸೆಂಟಿಮೀಟರ್. ಕಡ್ಡಿಯ ದಪ್ಪ, ತುದಿಯ ಪರಿಣಾಮ ಎಲ್ಲ ಸೇರಿ ಇನ್ನೆರಡು ಮೂರು ಸೆಂಟಿಮೀಟರ್ ಕತ್ತರಿಸಬೇಕಾಗುತ್ತದೆ. ನೆತ್ತಿಯ ಮೇಲಿನ ಕಡ್ಡಿಗೆ ಆ ಅಳತೆ ಬಂದದ್ದು ಹೀಗೆ.

ಆದರೆ ಕಾಲು ಅಲೆಯ ಕಡ್ಡಿಯನ್ನು ಗಾಳಿಯಲ್ಲಿ ಹಿಡಿದು ನಿಂತರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಂಟೆನಾಕ್ಕೆ ಎರಡು ಪಾಲು ಬೇಕು. ರೇಡಿಯೊದಿಂದ ಬರುವ ವಿದ್ಯುತ್ತು ಒಂದು ಪಾಲಿನಲ್ಲಿ ಮೇಲಕ್ಕೆ ನುಗ್ಗಿದಾಗ ಇನ್ನೊಂದು ಪಾಲಿನಲ್ಲಿ ಅದಕ್ಕೆ ಸಮನಾದ ವಿದ್ಯುತ್ತು ಹರಿಯಬೇಕು. ಶಾಂತಿಸಾಗರ ಕೆರೆಯ ದಡದಲ್ಲಿ ಗಾಳಿ ಇಲ್ಲದ ಬೆಳಗ್ಗೆ ನಿಂತು ನೋಡಿದ್ದೀರಾ? ನೀರಂಚಿನ ಕಂಬ ಮೇಲೊಂದು, ಅದರ ಬಿಂಬ ಕೆಳಗೊಂದು, ಎರಡೂ ಕೂಡಿ ಒಂದು ಉದ್ದ ಕಂಬವಾಗಿ ಕಾಣುತ್ತದೆ. ಜೀಪಿನ ತಗಡಿನ ಚಾವಣಿ ರೇಡಿಯೊ ಅಲೆಗೆ ಆ ಕೆರೆಯ ನೀರು. ಮೇಲಿನ ಕಡ್ಡಿ ನಾವು ನಿಲ್ಲಿಸಿದ್ದು, ಕೆಳಗಿನ ಪಾಲನ್ನು ತಗಡು ಒದಗಿಸುತ್ತದೆ. 1895ರ ಸುಮಾರಿಗೆ ಮಾರ್ಕೋನಿ ತನ್ನ ಯಂತ್ರದ ಒಂದು ತಂತಿಯನ್ನು ಎತ್ತರಕ್ಕೆ ಏರಿಸಿ, ಇನ್ನೊಂದನ್ನು ನೆಲಕ್ಕೆ ಸೇರಿಸಿದಾಗ ಸಂದೇಶ ಥಟ್ಟನೆ ದೂರ ಹೋಗತೊಡಗಿತು. ಅವನಿಗೆ ನೆಲ ಮಾಡಿಕೊಟ್ಟ ಕೆಲಸವನ್ನು ಇಲ್ಲಿ ಗಾಡಿಯ ಮೈ ಮಾಡಿಕೊಡುತ್ತದೆ.

‘ಮಾಮ, ಟೈರು ರಬ್ಬರಲ್ವಾ? ನೆಲಕ್ಕೆ ಅರ್ಥಿಂಗ್ ಎಲ್ಲಾಯ್ತು?’ ಅಂತ ಕೇಳುವ ಚುರುಕು ಮಕ್ಕಳು ಇದ್ದೇ ಇರುತ್ತಾರೆ. ಅರ್ಥಿಂಗ್ ಬೇಕಿಲ್ಲ ಪುಟ್ಟ, ತಗಡು ಸಾಕು. ಕಡ್ಡಿಯ ಬುಡದಿಂದ ನಾಲ್ಕೂ ಕಡೆಗೆ ಅರ್ಧ ಮೀಟರಿನಷ್ಟು ಲೋಹ ಸಿಕ್ಕರೆ 145 ಮೆಗಾಹರ್ಟ್ಸ್ ಅಲೆಗೆ ಹೊಟ್ಟೆ ತುಂಬಿದ ಹಾಗೆ.

ಹಾಗಾಗಿ ಕಡ್ಡಿ ಕೊಳ್ಳುವ ಮುಂಚೆ ಗಾಡಿಯನ್ನೇ ಪರೀಕ್ಷೆ ಮಾಡಬೇಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಒಂದು ಆಯಸ್ಕಾಂತ ತನ್ನಿ. ಚಾವಣಿ, ಬಾನೆಟ್ಟು, ಮಡ್‌ಗಾರ್ಡು, ಬಂಪರು, ಎಲ್ಲಕ್ಕೂ ತಾಗಿಸಿ ನೋಡಿ. ಅಂಟಿದರೆ ಉಕ್ಕು. ಬಂಪರಿಗೆ ಬಹುಶಃ ಅಂಟುವುದಿಲ್ಲ, ಅದು ಪ್ಲಾಸ್ಟಿಕ್ಕು. ಕೆಲವು ಜೀಪುಗಳ ಚಾವಣಿ ಕ್ಯಾನ್ವಾಸಿನದು, ಕೆಲವು ಫೈಬರಿನದು, ಅಲ್ಲೂ ಅಂಟದು. ಅಲ್ಯೂಮಿನಿಯಂ ಮಾತ್ರ ಸ್ವಲ್ಪ ಮೋಸ ಮಾಡುತ್ತದೆ. ಆಯಸ್ಕಾಂತ ಹಿಡಿಯದಿದ್ದರೂ ರೇಡಿಯೊ ಅಲೆಗೆ ಅದು ಒಳ್ಳೆಯ ಲೋಹವೇ.

ತಗಡಿನ ಚಾವಣಿ ಇದ್ದರೆ ನಟ್ಟನಡುವೆ ಕಡ್ಡಿ ನಿಲ್ಲಿಸುವುದು ಅತ್ಯುತ್ತಮ. ಎಲ್ಲ ದಿಕ್ಕಿಗೂ ಅಲೆ ಸಮನಾಗಿ ಹೋಗುತ್ತದೆ. ಒಳಗೆ ಕೂತವರಿಗೂ ಕಡ್ಡಿಗೂ ನಡುವೆ ಲೋಹದ ಮರೆ ಇರುತ್ತದೆ, ಅದೂ ಮುಖ್ಯ. ಕ್ಯಾನ್ವಾಸ್ ಚಾವಣಿಯಾದರೆ ಬಾನೆಟ್ಟಿನ ಅಂಚಿಗೆ ಹೋಗಬೇಕು. ಅಲ್ಲಿ ಒಂದು ಪಕ್ಕಕ್ಕೆ ಲೋಹ ಹೆಚ್ಚು, ಇನ್ನೊಂದು ಪಕ್ಕಕ್ಕೆ ಕಡಿಮೆ. ಹೆಚ್ಚು ಲೋಹ ಇರುವ ದಿಕ್ಕಿಗೆ ಅಲೆ ವಾಲುತ್ತದೆ. ಹಿಂದಿನ ಸ್ಟೆಪ್ನಿಯ ಪಕ್ಕ ಕಟ್ಟಿದರೆ ಮುಂದಿನ ದಿಕ್ಕಿಗೆ ಗಾಡಿಯ ಮೈಯೇ ಅಡ್ಡ. ಯಾವ ಲೋಹವೂ ಬೇಡದ ಅರ್ಧ ಅಲೆಯ ಆಂಟೆನಾಗಳೂ ಇವೆ, ತನ್ನ ಎರಡೂ ಪಾಲನ್ನು ತಾನೇ ಹೊತ್ತುಕೊಂಡಂಥವು. ಆದರೆ ಅವು ಒಂದು ಮೀಟರ್ ಉದ್ದ ಇರುತ್ತವೆ.

ಉದ್ದ ಇದ್ದರೇನು ಅಂತೀರಾ? ಚನ್ನಗಿರಿಯ ಅಡಿಕೆ ತೋಟದ ದಾರಿಯಲ್ಲಿ ಒಂದು ಸಲ ಹೋಗಿ ಬಂದರೆ ಉತ್ತರ ಸಿಗುತ್ತದೆ. ಬೇಲಿಯ ಕೊಂಬೆ, ಜೋತುಬಿದ್ದ ಸೋಗೆ, ಬಾಳೆ ಎಲೆ, ಎಲ್ಲವೂ ಕಡ್ಡಿಯನ್ನು ಬಡಿಯುತ್ತವೆ. ಅದಕ್ಕೇ ಬುಡದಲ್ಲಿ ಒಂದು ಸ್ಪ್ರಿಂಗ್ ಹಾಕುತ್ತಾರೆ. ಕೊಂಬೆ ತಾಗಿದರೆ ಕಡ್ಡಿ ಬಾಗಿ ಮತ್ತೆ ಎದ್ದು ನಿಲ್ಲುತ್ತದೆ. ಎದ್ದು ನಿಲ್ಲುವುದು ಮುಖ್ಯ, ಯಾಕೆಂದರೆ ಒಬ್ಬರ ಕಡ್ಡಿ ನೆಟ್ಟಗಿದ್ದು ಇನ್ನೊಬ್ಬರದು ಮಲಗಿದ್ದರೆ ಮಾತು ತೀರಾ ಕ್ಷೀಣವಾಗಿ ಕೇಳುತ್ತದೆ.

ಅಂಗಡಿಯಲ್ಲಿ ಒಂದೂಕಾಲು ಮೀಟರ್ ಉದ್ದದ ಕಡ್ಡಿ ತೋರಿಸಿ ‘ಇದರಲ್ಲಿ ಗೇನ್ ಜಾಸ್ತಿ’ ಅನ್ನುತ್ತಾರೆ. ಸುಳ್ಳಲ್ಲ. ಆದರೆ ಅದು ಹೊಸದಾಗಿ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ. ಆಕಾಶಕ್ಕೆ ಹೋಗುವ ಪಾಲನ್ನು ಕಿತ್ತು ದಿಗಂತದ ಕಡೆಗೆ ಕೊಡುತ್ತದೆ, ಅಷ್ಟೆ. ಜಗಳೂರಿನ ಬಟಾಬಯಲಿನಲ್ಲಿ ಅದು ಲಾಭ. ಗುಡ್ಡದ ಇಳಿಜಾರಿನಲ್ಲಿ ಜೀಪು ವಾಲಿ ನಿಂತಾಗ ಆ ಚಪ್ಪಟೆ ಅಲೆ ಒಂದು ಕಡೆ ನೆಲಕ್ಕೆ, ಇನ್ನೊಂದು ಕಡೆ ಮುಗಿಲಿಗೆ ಹೋಗಿಬಿಡುತ್ತದೆ. ನನ್ನನ್ನು ಕೇಳಿದರೆ ಕಾಡುದಾರಿಗೆ ಕಾಲು ಅಲೆಯ ಗಿಡ್ಡ ಕಡ್ಡಿಯೇ ಸೈ. (ಜಗಳೂರಿನ ಮಾತು ಬಂತಲ್ಲ, ರಂಗಯ್ಯನದುರ್ಗದ ಕಡೆ ಹೋದರೆ ನೆನಪಿರಲಿ, ಅದು ನಾಲ್ಕು ಕೊಂಬಿನ ಕೊಂಡುಕುರಿಗಳ ವನ್ಯಧಾಮ. ಮನಸ್ಸಿಗೆ ಬಂದ ಕಡೆ ಜೀಪು ನುಗ್ಗಿಸುವಂತಿಲ್ಲ.)

ಈಗ ಜೋಡಿಸುವ ಕೆಲಸ, ದೊಡ್ಡವರ ಜೊತೆಗೆ. ಸುಲಭದ ದಾರಿ ಆಯಸ್ಕಾಂತದ ಬುಡ. ತಂದು ಇಟ್ಟರೆ ಕೂತಿತು. ಆದರೆ ಕೆಮ್ಮಣ್ಣಿನ ಧೂಳು ಅದರಡಿ ಸೇರಿ ಪೇಂಟನ್ನು ಗೀರುತ್ತದೆ, ಗಟ್ಟಿ ಕೊಂಬೆ ಬಡಿದರೆ ಬುಡಸಮೇತ ಹಾರಿಹೋಗುತ್ತದೆ. ಕಾಯಂ ಬೇಕೆಂದರೆ ತಗಡಿಗೆ ತೂತು ಕೊರೆಯಬೇಕು, ಇಲ್ಲವೇ ಬಾನೆಟ್ಟಿನ ಅಂಚಿಗೆ ಕಬ್ಬಿಣದ ಬ್ರಾಕೆಟ್ಟನ್ನು ಸ್ಕ್ರೂನಿಂದ ಬಿಗಿಯಬೇಕು. ಬ್ರಾಕೆಟ್ಟಿನಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಗಾಡಿಯ ಪೇಂಟು ವಿದ್ಯುತ್ತನ್ನು ಬಿಡುವುದಿಲ್ಲ. ಸ್ಕ್ರೂ ಎಷ್ಟೇ ಬಿಗಿಯಾಗಿದ್ದರೂ ಅದರ ತುದಿ ಪೇಂಟಿನ ಮೇಲೆಯೇ ಕೂತಿದ್ದರೆ ಕಡ್ಡಿಗೆ ಅದರ ಇನ್ನೊಂದು ಪಾಲು ಸಿಕ್ಕಿಲ್ಲ ಅಂತಲೇ ಅರ್ಥ. ಸ್ಕ್ರೂ ತಾಗುವ ಕಡಲೆಕಾಳಿನಷ್ಟು ಜಾಗದಲ್ಲಿ, ಹೊರಗೆ ಕಾಣದ ಒಳಮಗ್ಗುಲಲ್ಲಿ, ಉಪ್ಪುಕಾಗದದಿಂದ ಉಜ್ಜಿ ಬೆಳ್ಳಗೆ ಹೊಳೆಯುವ ಲೋಹ ಕಾಣಿಸಬೇಕು. ಬಿಗಿದ ಮೇಲೆ ಅದರ ಸುತ್ತ ಗ್ರೀಸು ಸವರಬೇಕು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು. ಬಾನೆಟ್ಟು ಕೂಡ ಕೀಲಿನ ಮೇಲೆ, ರಬ್ಬರಿನ ಗುಬುಟುಗಳ ಮೇಲೆ ಕೂತಿರುತ್ತದೆ. ಅದನ್ನು ಗಾಡಿಯ ಮೈಗೆ ಹೆಣೆದ ತಾಮ್ರದ ಪಟ್ಟಿಯಿಂದ ಸೇರಿಸುವುದು ಒಳ್ಳೆಯದು.

ಕಡ್ಡಿಯಿಂದ ರೇಡಿಯೊಗೆ ಹೋಗುವ ಕೇಬಲ್ಲು ಗಿಡ್ಡವಾಗಿದ್ದಷ್ಟೂ ವಾಸಿ. ಸಾಮಾನ್ಯ ಸಣ್ಣ ಕೇಬಲ್ಲಾದರೆ 5 ಮೀಟರ್ ಹೋಗುವಷ್ಟರಲ್ಲಿ ಐದರಲ್ಲಿ ಒಂದು ಪಾಲು ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಬಾಗಿಲ ಸಂದಿಯಲ್ಲಿ ಜಜ್ಜಿಹೋಗದಂತೆ ಎಳೆಯಬೇಕು. ಒಳಗೆ ನುಗ್ಗುವ ಮುಂಚೆ ಒಂದು ಕಡೆ ಕೆಳಕ್ಕೆ ಜೋಲಿಸಿ ಮೇಲೆ ತಂದರೆ ನ್ಯಾಮತಿಯ ಕಡೆಯ ಜಡಿಮಳೆಯೂ ಕೇಬಲ್ಲಿನ ಗುಂಟ ಒಳಗೆ ಬರದೆ ಅಲ್ಲೇ ತೊಟ್ಟಿಕ್ಕುತ್ತದೆ.

ಕೊನೆಗೆ ಅಳತೆ. ಎಸ್‌ಡಬ್ಲ್ಯೂಆರ್ ಮೀಟರ್ ಅನ್ನುವ ಪುಟ್ಟ ಪೆಟ್ಟಿಗೆಯನ್ನು ರೇಡಿಯೊಗೂ ಕೇಬಲ್ಲಿಗೂ ನಡುವೆ ಸೇರಿಸುತ್ತಾರೆ. ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತಿದೆ ಎಂದು ಅದು ಹೇಳುತ್ತದೆ. 1 ತೋರಿಸಿದರೆ ಏನೂ ವಾಪಸ್ ಇಲ್ಲ. 2 ಅಂದರೆ ನೂರಕ್ಕೆ 11 ಪಾಲು ವಾಪಸ್, 3 ಅಂದರೆ 25 ಪಾಲು. ಒಂದೂವರೆಯೊಳಗೆ ಬಂದರೆ ಖುಷಿಪಡಬಹುದು. ಕಡ್ಡಿಯನ್ನು ಮೊದಲು ಸ್ವಲ್ಪ ಉದ್ದವೇ ಇಟ್ಟು, ಎರಡೆರಡು ಮಿಲಿಮೀಟರ್ ಕತ್ತರಿಸುತ್ತಾ, ಪ್ರತಿ ಸಲ ಮೀಟರ್ ನೋಡಬೇಕು. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ ನೋಡಿ. ಮಾತಾಡುತ್ತಿರುವಾಗ ಮಾತ್ರ ಕಡ್ಡಿಯನ್ನು ಮುಟ್ಟಬಾರದು, ಕೈ ಸುಡುತ್ತದೆ. ಕರೆಂಟಿನ ತಂತಿ ಹಾದ ಕಡೆ ಕಡ್ಡಿ ಎತ್ತಲೇಬಾರದು.

ಇಷ್ಟೆಲ್ಲ ಮಾಡಿದ ಮೇಲೆ ಎಷ್ಟು ದೂರ ಕೇಳುತ್ತದೆ? ಈ ಅಲೆ ಹೆಚ್ಚುಕಡಿಮೆ ನೇರಕ್ಕೆ ಓಡುತ್ತದೆ, ಭೂಮಿ ಗುಂಡಗಿದೆ. 2 ಮೀಟರ್ ಎತ್ತರದ ಕಡ್ಡಿಗೆ ರೇಡಿಯೊ ದಿಗಂತ 6 ಕಿಲೋಮೀಟರಿನಷ್ಟು. ಎದುರಿನ ಜೀಪಿನದೂ ಅಷ್ಟೇ. ಕೂಡಿದರೆ 12. ಹೊನ್ನಾಳಿಗೂ ನ್ಯಾಮತಿಗೂ ನೇರ ದೂರ ಸುಮಾರಾಗಿ ಅಷ್ಟೇ, ಅಂದರೆ ಅಲ್ಲಿ ಮಾತು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಚನ್ನಗಿರಿಯಲ್ಲಿ ಕೋಟೆ ಇರುವ ಗುಡ್ಡವಿದೆಯಲ್ಲ, ಅಂಥ ಒಂದು ಗುಡ್ಡದ ಮೇಲೆ, 100 ಮೀಟರ್ ಎತ್ತರದಲ್ಲಿ ಒಬ್ಬರು ನಿಂತರೆ ಲೆಕ್ಕ 47 ಕಿಲೋಮೀಟರಿಗೆ ಏರುತ್ತದೆ. ರೇಡಿಯೊದ ಶಕ್ತಿಯನ್ನು ಎರಡರಷ್ಟು ಮಾಡಿದರೂ ದಿಗಂತ ಒಂದಿಂಚೂ ಸರಿಯುವುದಿಲ್ಲ. ದುಡ್ಡು ಸುರಿಯುವ ಬದಲು ಗುಡ್ಡ ಹತ್ತಿ ಅನ್ನೋದು ಅದಕ್ಕೇ.

ಅಂದಹಾಗೆ, ಗುಂಡಿ ಒತ್ತಿ ಮಾತಾಡಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕೇ ಬೇಕು. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಮೊದಲ ಹಂತ ಪಾಸಾದವರ ರೇಡಿಯೊ ಹೆಸರು ವಿಯು3 ಎಂದು ಶುರುವಾಗುತ್ತದೆ, ದೊಡ್ಡ ಹಂತದವರದು ವಿಯು2 ಎಂದು.

ಗುಡ್ಡ ಹತ್ತಿದರೂ ಆ 47 ಕಿಲೋಮೀಟರಿಗೆ ಎಟುಕದೆ ಉಳಿದದ್ದು ಜಗಳೂರು. ಚನ್ನಗಿರಿಯಿಂದ ನೇರ ಅಳೆದರೂ ಸುಮಾರು 70 ಕಿಲೋಮೀಟರ್. ಇಲ್ಲಿ ಹ್ಯಾಮ್‌ಗಳು ಬೇರೆ ಅಲೆ ಹಿಡಿಯುತ್ತಾರೆ, 7 ಮೆಗಾಹರ್ಟ್ಸ್. ಇದು ಹಗಲಲ್ಲಿ ಮೇಲಕ್ಕೆ ಹೋಗಿ, ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳವೆಂಬ ವಾಯುಪದರಕ್ಕೆ ತಾಗಿ ಕೆಳಗೆ ಬರುತ್ತದೆ. ಗುಡ್ಡ ಅಡ್ಡ ಇದ್ದರೂ ಚಿಂತೆಯಿಲ್ಲ. ಆದರೆ ಇದರ ತರಂಗದೂರ 40 ಮೀಟರಿನಷ್ಟು, ಕಾಲು ಭಾಗವೇ 10 ಮೀಟರ್, ಮೂರು ಮಹಡಿ ಮನೆಯ ಎತ್ತರ! ಗಿಡ್ಡ ಕಡ್ಡಿಗೆ ತಾಮ್ರದ ಸುರುಳಿ ಸೇರಿಸಿ ಉದ್ದವೆಂದು ನಂಬಿಸಬಹುದು, ಆದರೆ ಇಷ್ಟು ದೊಡ್ಡ ಅಲೆಗೆ ಜೀಪಿನ ಮೈ ತೀರಾ ಚಿಕ್ಕದು, ಶಕ್ತಿಯ ಬಹುಪಾಲು ಶಾಖವಾಗಿ ಹೋಗುತ್ತದೆ. ಹಾಗಾಗಿ ಅನುಭವಸ್ಥರು ಗಾಡಿ ನಿಲ್ಲಿಸಿ ಇಳಿಯುತ್ತಾರೆ. ಎರಡು ಮರಗಳ ನಡುವೆ 20 ಮೀಟರ್ ತಂತಿ ಕಟ್ಟಿ, ನಡುಮಧ್ಯಕ್ಕೆ ಕೇಬಲ್ ಸೇರಿಸುತ್ತಾರೆ. ಎಡಕ್ಕೆ 10 ಮೀಟರ್ ಒಂದು ಪಾಲು, ಬಲಕ್ಕೆ 10 ಮೀಟರ್ ಇನ್ನೊಂದು ಪಾಲು. ಆ ಹೊತ್ತಿಗೆ ಜೀಪಿನಿಂದ ಬೇಕಾಗುವುದು ಬ್ಯಾಟರಿ ಮಾತ್ರ.