ಕಲ್ಲಣಬೆಯ ನೆಲದಲ್ಲಿ ಕೀಳುವ ಮೊದಲು



ಮುಂಗಾರಿನ ಮೊದಲ ಗುಡುಗು ಕೇಳಿಸಿದ ಕೆಲವೇ ದಿನಗಳಲ್ಲಿ ಕಾರ್ಕಳ ಮತ್ತು ಉಡುಪಿಯ ಮಾರುಕಟ್ಟೆಗಳಿಗೆ ಕಲ್ಲಣಬೆ ಬರುತ್ತದೆ. ತುಳುವಿನಲ್ಲಿ ಅದು ಕಲ್ಲಲಾಂಬು. ಹೊಸಬರ ಕಣ್ಣಿಗೆ ಕೆಸರು ಮೆತ್ತಿದ ಗೋಲಿಯಂತೆ ಕಾಣುವ ಈ ಉಂಡೆಗಳ ಬೆಲೆ ಕೋಳಿಮಾಂಸದ ಬೆಲೆಯನ್ನು ಮೀರುವುದುಂಟು. ಕೊಂಡವರು ಮಣ್ಣು ಹೋಗುವವರೆಗೆ ತಿಕ್ಕಿ ತೊಳೆದು, ಹೋಳು ಮಾಡಿ ಗಸಿ ಮಾಡುತ್ತಾರೆ. ಹಲ್ಲಿಗೆ ಸಿಕ್ಕಾಗ ಕರುಂ ಎನ್ನುವ ಹೊರಪದರ, ಒಳಗಿನ ಮೆದು ತಿರುಳು, ಇವೆರಡೂ ಸೇರಿಯೇ ಅದರ ರುಚಿ.

ಯುರೋಪಿನವರು ನಾಯಿ ಹಂದಿಗಳಿಂದ ಹುಡುಕಿಸಿ ಅಗೆಯುವ ಟ್ರಫಲ್ ಎಂಬ ನೆಲದಡಿಯ ಅಣಬೆಗೂ ಕಲ್ಲಣಬೆಗೂ ಕುಲಸಂಬಂಧವಿಲ್ಲ. ಆದರೆ ಇದೂ ಮಣ್ಣಿನೊಳಗೇ ಹುಟ್ಟಿ, ಅರ್ಧ ಹೂತೇ ಬೆಳೆಯುವಂಥದ್ದು. ವಿಜ್ಞಾನಿಗಳು ಇದನ್ನು ಆಸ್ಟ್ರಿಯಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಝಾರ್ಖಂಡದ ಸಾಲವೃಕ್ಷಗಳ ಕಾಡಿನಲ್ಲಿ ಇದರ ಬಂಧುವನ್ನು ರುಗ್ಡಾ ಎಂದು ಕರೆದು ಇಷ್ಟೇ ಆಸೆಯಿಂದ ಆಯುತ್ತಾರೆ. ಥಾಯ್ಲೆಂಡಿನ ಹಳ್ಳಿಗರೂ ಹಾಗೆಯೇ. ನೈಋತ್ಯ ಭಾರತದ ಆಸ್ಟ್ರಿಯಸ್‌ಗಳನ್ನು ಕುರಿತು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಗುಡ್ಡದ ಮಕ್ಕಳಿಗೆ ಅಜ್ಜಿಯರಿಂದ ಬಂದ ತಿಳಿವಳಿಕೆ ಹೀಗೆ ಶಾಸ್ತ್ರದ ಪುಟಕ್ಕೂ ಏರಿದೆ.

ಈ ಅಣಬೆ ಒಂಟಿಯಾಗಿ ಬದುಕುವುದಿಲ್ಲ. ಕಿರಾಲುಬೋಗಿಯ ವಂಶದ ಮರಗಳೆಂದರೆ ಅದಕ್ಕೆ ಅಚ್ಚುಮೆಚ್ಚು. ಸಾಲವೃಕ್ಷವೂ ಅದೇ ವಂಶದ್ದು. ಬೇರಿನ ತುದಿಗಳನ್ನು ಅಣಬೆಯ ನೂಲು ಕವಚದಂತೆ ಸುತ್ತಿಕೊಳ್ಳುತ್ತದೆ. ಮರ ಸಕ್ಕರೆ ಕೊಡುತ್ತದೆ, ಅಣಬೆ ನೀರನ್ನೂ ರಂಜಕವನ್ನೂ ತಂದೊಪ್ಪಿಸುತ್ತದೆ. ಭತ್ತದ ಹುಲ್ಲಿನ ಮೇಲೆ ಬೆಳೆಸುವ ಚಿಪ್ಪಣಬೆಯಂತೆ ಕಲ್ಲಣಬೆಯನ್ನು ಕೊಟ್ಟಿಗೆಯ ಮೂಲೆಯಲ್ಲಿ ಬೆಳೆಸಲಾಗದಿರುವುದು ಈ ಕಾರಣದಿಂದಲೇ.

ಮರದಿಂದ ಉಣ್ಣುವ ಅಣಬೆಯನ್ನು ಉಣ್ಣುವ ಇನ್ನೊಂದು ಅಣಬೆಯೂ ಲೋಕದಲ್ಲಿದೆ. ತಂಪು ನಾಡುಗಳ ಓಕ್, ಬೀಚ್, ಪೈನ್ ಮರಗಳ ಅಡಿಯಲ್ಲಿ ಎಲಾಫೊಮೈಸಿಸ್ ಎಂಬ ಕಂದು ಉಂಡೆ, ಒರಟು ಸಿಪ್ಪೆ ಹೊದ್ದು, ಮಣ್ಣಿನಲ್ಲಿ ಅಡಗಿರುತ್ತದೆ. ಅದರ ಮೇಲೆ ಬದುಕುವುದು ಟೋಲಿಪೊಕ್ಲೇಡಿಯಮ್ ಎಂಬ ಪರಾವಲಂಬಿ. ಹೊರಗೆ ಕಾಣುವುದು ಬೆರಳಿನಷ್ಟು ಎತ್ತರದ, ಕಪ್ಪು ತಲೆಯ ಒಂದು ಕಡ್ಡಿ ಮಾತ್ರ. ಅವಸರದಲ್ಲಿ ಕಿತ್ತವನ ಕೈಗೆ ಬರುವುದು ತುಂಡು ಕಡ್ಡಿ. ಆತಿಥೇಯ ಮಣ್ಣಿನಲ್ಲೇ ಉಳಿಯಿತು, ಗುರುತಿನ ಅರ್ಧ ಭಾಗವೂ ಅಲ್ಲಿಯೇ ಉಳಿಯಿತು. ಈ ಕುಲದ ಒಂದು ಪ್ರಭೇದದಲ್ಲಿ ಕಡ್ಡಿಯ ಬುಡದಿಂದ ಹಳದಿ ನೂಲುಗಳು ಹೊರಟು ಉಂಡೆಯನ್ನು ಮುಟ್ಟುತ್ತವೆ. ಇನ್ನೊಂದರಲ್ಲಿ ನೂಲೇ ಇಲ್ಲ, ಕಡ್ಡಿ ನೇರವಾಗಿ ಉಂಡೆಯ ಮೇಲೆಯೇ ಕುಳಿತಿರುತ್ತದೆ. ಈ ಭೇದವನ್ನು ಅಗೆದವನು ಮಾತ್ರ ಬಲ್ಲ.

ಕಲ್ಲಣಬೆಯ ಬಂಧುಗಳಿಗೂ ಇಂಥ ಅತಿಥಿ ಉಂಟು. ಆಸ್ಟ್ರಿಯಸ್ ಉಂಡೆಯಿಂದಲೇ ಕೊಡೆಯೆತ್ತುವ, ಕೊಡೆಯ ಅಡಿಯಲ್ಲಿ ಎಸಳುಗಳ ಬದಲು ಸೂಕ್ಷ್ಮ ರಂಧ್ರಗಳಿರುವ ಅಣಬೆಯೊಂದನ್ನು ಜಪಾನಿನ ಇಮಾಜೆಕಿ 1952ರಲ್ಲಿ ವರ್ಣಿಸಿದರು. ಅದಕ್ಕೆ ಇಂದಿನ ಹೆಸರು ಸ್ಯೂಡೊಬೊಲೀಟಸ್ ಆಸ್ಟ್ರಿಯಿಕೋಲ. ಮೇಲಿನಿಂದ ನೋಡಿದರೆ ಅದು ಸಾಮಾನ್ಯ ಅಣಬೆಯೇ. ಕಾಂಡವನ್ನು ಅನುಸರಿಸಿ ಕೆಳಗಿಳಿದರೆ ಉಂಡೆ ಸಿಗುತ್ತದೆ.

ಕಾರ್ಕಳದ ಕಾಡಂಚಿನಲ್ಲಿ ಮಳೆಗಾಲದಂದು ಕಪ್ಪು ಕಡ್ಡಿಯೊಂದು ನೆಲದಿಂದ ಮೇಲೆದ್ದಿದ್ದರೆ ಕೆಳಗೆ ಏನಿರಬಹುದು? ಉತ್ತರ ಒಂದೇ ಅಲ್ಲ. ಗೆದ್ದಲು ಬಿಟ್ಟುಹೋದ ಹುತ್ತದ ಸ್ಪಂಜಿನಂಥ ಗೂಡು ಇರಬಹುದು. ಅಲ್ಲಿ ಕ್ಸೈಲೇರಿಯ ನೈಗ್ರಿಪಿಸ್ ಎಂಬ ಕಪ್ಪು ಶಿಲೀಂಧ್ರ ಬೆಳೆಯುತ್ತದೆ. ಹೂತ ಮರದ ತುಂಡೂ ಇರಬಹುದು. ಸತ್ತ ಹುಳು ಇದ್ದರೂ ಆಶ್ಚರ್ಯವಿಲ್ಲ: ಪಶ್ಚಿಮ ಘಟ್ಟದಲ್ಲಿ ತಿಗಣೆಯ ಜಾತಿಯ ಕೀಟದ ಮೇಲೆ ಬೆಳೆಯುವ ಓಫಿಯೊಕಾರ್ಡಿಸೆಪ್ಸ್ ನ್ಯೂಟನ್ಸ್ ಎಂಬ ಶಿಲೀಂಧ್ರವನ್ನು ಕರುಣ್ ಮತ್ತು ಶ್ರೀಧರ್ 2013ರಲ್ಲಿ ದಾಖಲಿಸಿದ್ದಾರೆ. ಉಂಡೆಯೇ ಸಿಕ್ಕಿದರೆ ಆ ದಿನ ಸಾರ್ಥಕ. ಹುತ್ತದ ಅಣಬೆಯನ್ನು ಕೀಳುವಾಗ ಮಾರುದ್ದ ಬೇರು ಜೊತೆಗೆ ಬರುವುದನ್ನು ಕಂಡ ಹಳ್ಳಿಗರಿಗೆ ಈ ಮಾತು ಹೊಸದಲ್ಲ. ಪೇಟೆಯ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕು.

ಹುಳುವಿಗೂ ಉಂಡೆಗೂ ಎಲ್ಲಿಯ ನಂಟು ಎಂದು ಕೇಳಬಹುದು. ಟೋಲಿಪೊಕ್ಲೇಡಿಯಮ್‌ನ ಪೂರ್ವಜರು ಮರದಲ್ಲಿ ಕಿರಿಚುವ ಜೀರುಂಡೆಯ ಮರಿಗಳನ್ನು ಉಣ್ಣುತ್ತಿದ್ದವೆಂದು ಜಪಾನಿನ ನಿಕೋ ಮತ್ತು ಫುಕಾತ್ಸು 2000ದಲ್ಲಿ ವಂಶವಾಹಿಗಳ ಆಧಾರದಿಂದ ತೋರಿಸಿದರು. ಜೀರುಂಡೆಯ ಮರಿ ವರ್ಷಗಟ್ಟಲೆ ಬೇರಿನ ರಸ ಹೀರುತ್ತ ಮಣ್ಣಿನಲ್ಲಿರುತ್ತದೆ. ಅದೇ ಬೇರಿಗೆ ಅಂಟಿಕೊಂಡಿದೆ ನೆಲದಡಿಯ ಉಂಡೆ. ನೆರೆಮನೆಗೆ ಹೋಗುವಷ್ಟೇ ಸುಲಭವಾಗಿ ಶಿಲೀಂಧ್ರ ಪ್ರಾಣಿಯಿಂದ ಅಣಬೆಗೆ ದಾಟಿಕೊಂಡಿತು. ಇದೇ ಕುಲದ ಇನ್ನೊಂದು ಶಿಲೀಂಧ್ರ, ನಾರ್ವೆಯ ಮಣ್ಣಿನಿಂದ ಬಂದದ್ದು, ಸೈಕ್ಲೋಸ್ಪೊರಿನ್ ಎಂಬ ಔಷಧಿಯನ್ನು ಕೊಟ್ಟಿತು. ಮಣಿಪಾಲದಂಥ ಊರಿನ ಆಸ್ಪತ್ರೆಗಳಲ್ಲಿ ಮೂತ್ರಪಿಂಡದ ಕಸಿ ಮಾಡಿಸಿಕೊಂಡವರ ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ಕಾಯುವ ಮದ್ದುಗಳಲ್ಲಿ ಅದೂ ಒಂದು. ಮಣ್ಣಿನ ಹಿಡಿಯೊಂದನ್ನು ಕೇವಲವೆಂದು ಎಣಿಸುವವರು ಇದನ್ನು ನೆನೆದರೆ ಸಾಕು.

ಗುರುತು ತಪ್ಪಿದರೆ ಆಗುವ ಹಾನಿ ಶಾಸ್ತ್ರಕ್ಕೆ ಮಾತ್ರವಲ್ಲ, ಹೊಟ್ಟೆಗೂ. ಸ್ಕ್ಲೆರೋಡರ್ಮ ಎಂಬ ವಿಷದ ಉಂಡೆ ಕಲ್ಲಣಬೆಯಂತೆಯೇ ಗುಂಡಗಿರುತ್ತದೆ. ತಿಂದವರಿಗೆ ವಾಂತಿ ಭೇದಿ. ಅದರ ಒಳಗು ಬೇಗನೆ ನೇರಳೆಗಪ್ಪಾಗುತ್ತದೆ. ಎಳೆಯ ಕಲ್ಲಣಬೆಯ ಒಳಗು ಬಿಳಿ. ಇದಕ್ಕಿಂತ ಭಯಂಕರವಾದುದು ಮಾರಕ ಅಮಾನಿಟಾ ಅಣಬೆಗಳ ಮೊಗ್ಗು. ಅದನ್ನು ಮೇಲಿನಿಂದ ಕೆಳಕ್ಕೆ ಸೀಳಿದರೆ ಒಳಗೆ ಕೊಡೆ ಮತ್ತು ಕಾಂಡದ ರೂಪುರೇಖೆ ಕಾಣುತ್ತದೆ. ಒಂದು ಸೇರಿನಲ್ಲಿ ನಾಲ್ಕೈದನ್ನು ನೋಡಿ ಉಳಿದುದನ್ನು ನಂಬಿ ಬೇಯಿಸುವ ಅಭ್ಯಾಸ ಒಳ್ಳೆಯದಲ್ಲ. ಪ್ರತಿಯೊಂದನ್ನೂ ಸೀಳಬೇಕು, ಬಿಳಿಯಲ್ಲದ್ದನ್ನು, ರೂಪುರೇಖೆ ಕಂಡದ್ದನ್ನು, ಸಂದೇಹ ಹುಟ್ಟಿಸಿದ್ದನ್ನು ಎಸೆಯಬೇಕು. ಮಕ್ಕಳಿಗೆ ಬಡಿಸುವ ತಟ್ಟೆಯಲ್ಲಿ ಮುಲಾಜು ಬೇಡ.

ಇನ್ನು ಅಗೆಯುವ ಬಗೆ. ಬೆಲೆ ಏರಿದಂತೆ ಹಾರೆಯಿಂದ ಗುಡ್ಡವನ್ನೇ ಕೆದಕಿಹಾಕುವವರು ಹೆಚ್ಚುತ್ತಾರೆ. ಹಾರೆ ಕತ್ತರಿಸುವುದು ಅಣಬೆಯ ನೂಲನ್ನೂ ಮರದ ಎಳೆಬೇರನ್ನೂ. ಚೂಪು ಮಾಡಿದ ಕೋಲಿನಿಂದ ಉಂಡೆಯೊಂದನ್ನೇ ಎತ್ತಿ, ಮಣ್ಣನ್ನೂ ತರಗೆಲೆಯನ್ನೂ ಮತ್ತೆ ಮುಚ್ಚಿದರೆ ನೂಲು ಉಳಿಯುತ್ತದೆ. ಮುರಕಲ್ಲಿನ ಕೋರೆ ತೆರೆದು ಮೇಲ್ಮಣ್ಣನ್ನೇ ಸಾಗಿಸಿದ ಕಡೆ ಈ ಉಪಾಯವೂ ನಡೆಯದು. ಅಲ್ಲಿ ಮರವಿಲ್ಲ, ಬೇರಿಲ್ಲ. ಉಂಡೆಯ ಮೇಲೆ ಬದುಕಬೇಕಾದ ಅತಿಥಿಗೆ ಮನೆಯೂ ಇಲ್ಲ. ಕಾಪುವಿನ ಕಡಲಂಚಿನ ಮರಳಿನಿಂದ ಕಾರ್ಕಳದ ಘಟ್ಟದ ತಪ್ಪಲಿನವರೆಗೆ ಹೋಗುವ ದಾರಿಯಲ್ಲಿ ಗುಡ್ಡದ ಬದಲು ಚೌಕದ ಹೊಂಡಗಳನ್ನು ಎಣಿಸುವವರಿಗೆ ಇದನ್ನು ವಿವರಿಸಬೇಕಿಲ್ಲ.

ವಿದ್ಯಾರ್ಥಿಗಳು ಈ ಮಳೆಗಾಲದಲ್ಲೇ ಆರಂಭಿಸಬಹುದಾದ ಕೆಲಸ ಸಣ್ಣದು. ಕಡ್ಡಿ ಅಥವಾ ಕೊಡೆ ಕಂಡಲ್ಲಿ ಕೀಳುವುದಕ್ಕೆ ಮೊದಲು ಸುತ್ತಲೂ ಒಂದು ಗೇಣು ಬಿಟ್ಟು ಮಣ್ಣನ್ನು ಸಡಿಲಿಸುವುದು, ಬುಡದವರೆಗೆ ಬೆರಳಿನಿಂದ ಹೋಗುವುದು, ಆತಿಥೇಯದೊಡನೆಯೇ ಎತ್ತುವುದು. ಹತ್ತಿರದ ಮರ ಯಾವುದು, ದಿನಾಂಕ ಯಾವುದು ಎಂದು ಬರೆದು, ಕಾಗದದಲ್ಲಿ ಸುತ್ತುವುದು. ಪ್ಲಾಸ್ಟಿಕ್ ಚೀಲದಲ್ಲಿ ಅದು ಕೊಳೆಯುತ್ತದೆ.

ಜಾಗ ಎಲ್ಲಿದೆ ಎಂದು ತಿಳಿಯಲು ಮಳೆಗಾಲವನ್ನೇ ಕಾಯಬೇಕಾಗಿಲ್ಲ. ಯಾರ ಕೈಗೂ ಸಿಗದೆ ಬಲಿತ ಕಲ್ಲಣಬೆಯ ಹೊರಪದರ ನಕ್ಷತ್ರದಂತೆ ಸೀಳಿ ಬಿಚ್ಚಿಕೊಳ್ಳುತ್ತದೆ. ಮಳೆ ನಿಂತ ಮೇಲೆ ಮುರಕಲ್ಲಿನ ನಡುವೆ ಅಂಥ ಒಣಗಿದ ನಕ್ಷತ್ರಗಳು ಬಿದ್ದಿರುತ್ತವೆ. ಒಂದನ್ನು ಮನೆಗೆ ತಂದು ನೀರು ಚಿಮುಕಿಸಿದರೆ ಮುದುಡಿದ ಎಸಳುಗಳು ನಿಧಾನವಾಗಿ ಬಿಚ್ಚುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು.