ರೇಡಿಯೇಟರ್ ಕೊಳ್ಳುವ ಮುನ್ನ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲು ಬಿಟ್ಟು ಗ್ಯಾರೇಜು ಸೇರಿದ ನಮ್ಮ ಹುಡುಗರು ನಾಲ್ಕಾರು ಮಂದಿ ಇಲ್ಲಿದ್ದೀರಿ. ಈ ಮಾತು ಮುಖ್ಯವಾಗಿ ನಿಮಗೆ.

ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಆದರೂ ಆ ಕಾರನ್ನು ಅಕ್ಕರೆಯಿಂದ ಇಟ್ಟುಕೊಂಡವರು ಇದ್ದಾರೆ. ಅದರ 1,089 ಸಿ.ಸಿ. ಇಂಜಿನ್ನು ತೆಗೆದು ದೊಡ್ಡದನ್ನು ಕೂರಿಸಿ ಎನ್ನುತ್ತಾರೆ. ಅದಕ್ಕೆ ಆರ್.ಟಿ.ಓ. ಒಪ್ಪಿಗೆ ಬೇಕು, ಅದು ಗಾಡಿಯವನ ಹೊಣೆ. ರೇಡಿಯೇಟರಿನ ಹೊಣೆ ನಿಮ್ಮದು. ಗಾಡಿ ಘಾಟಿಯಲ್ಲಿ ಕುದಿದು ನಿಂತರೆ ಸೇಟು ಕೈಹಾಕುವುದು ನಿಮ್ಮ ಪಗಾರಕ್ಕೆ.

ಸುಟ್ಟ ಪೆಟ್ರೋಲಿನ ಶಾಖದಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ನೀರಿಗೆ ಸೇರುತ್ತದೆ. ಇಂಜಿನ್ನಿನ ಬಲ ಹೆಚ್ಚಿದಂತೆ ರೇಡಿಯೇಟರಿನ ಕೆಲಸವೂ ಹೆಚ್ಚುತ್ತದೆ. ಇದನ್ನು ಹೇಳಿದೊಡನೆ ಅಂಗಡಿಯವನು ದಪ್ಪದ್ದೊಂದನ್ನು ಮುಂದಿಡುತ್ತಾನೆ. ದಪ್ಪಕ್ಕೆ ಮರುಳಾಗಬೇಡಿ. ಬಸಿಗೆ ಸುರಿದ ಚಹಾ ಯಾಕೆ ಬೇಗ ಆರುತ್ತದೆ? ಅಗಲಕ್ಕೆ! ಇಲ್ಲಿಯೂ ಗಾಳಿಗೆ ಎದುರಾದ ಮುಖ ಅಗಲವಿರಬೇಕು. ಕೊಳವೆಗಳು ಒಂದರ ಹಿಂದೊಂದು ನಾಲ್ಕು ಸಾಲಿದ್ದರೆ, ಕೊನೆಯ ಸಾಲಿಗೆ ಸಿಗುವುದು ಮುಂದಿನವು ಕಾಯಿಸಿಬಿಟ್ಟ ಗಾಳಿ. ಕೊನೆಯ ಪಂಕ್ತಿಯವರಿಗೆ ನೀರು ಬೆರೆಸಿದ ಸಾರು ಬಡಿಸಿದ ಹಾಗೆ. ಆದುದರಿಂದ ಮೊದಲು ಗ್ರಿಲ್ಲಿನ ಹಿಂದಿನ ಜಾಗ ಅಳೆಯಿರಿ. ಅಲ್ಲಿ ಹಿಡಿಸುವಷ್ಟು ಅಗಲದ್ದನ್ನು ಆರಿಸಿ, ಫ್ಯಾನಿಗೂ ಎಡೆ ಉಳಿಸಿ. ದಪ್ಪ ಆಮೇಲಿನ ಮಾತು.

ದಾದರಿನ ಸಿಗ್ನಲಿನಲ್ಲಿ ಗಾಡಿ ನಿಂತಾಗ ಗಾಳಿ ತಾನಾಗಿ ಬಾರದು, ಫ್ಯಾನೇ ಎಳೆಯಬೇಕು. ಫ್ಯಾನು ರೇಡಿಯೇಟರಿನ ಹಿಂದಿರಲಿ, ಸುತ್ತ ತಗಡಿನ ಕವಚವಿರಲಿ. ಕವಚವಿಲ್ಲದಿದ್ದರೆ ಅದು ತನ್ನ ಎದುರಿನ ಸುತ್ತಿನಷ್ಟಕ್ಕೇ ಗಾಳಿ ಎಳೆಯುತ್ತದೆ, ಮೂಲೆಗಳು ದಂಡ. ಓಡುವಾಗ ತಣ್ಣಗಿದ್ದು ನಿಂತಾಗ ಮಾತ್ರ ಕಾಯುವ ಗಾಡಿಗೆ ಹೊಸ ರೇಡಿಯೇಟರ್ ಕೊಳ್ಳುವ ಮೊದಲು ಫ್ಯಾನು ನೋಡಿ.

ತಾಮ್ರ-ಹಿತ್ತಾಳೆಯದೋ, ಅಲ್ಯುಮಿನಿಯಮ್ಮಿನದೋ? ಅಲ್ಯುಮಿನಿಯಂ ಹಗುರ, ಒಳ್ಳೆಯದೇ. ಆದರೆ ತೂತಾದರೆ ಅದರ ಬೆಸುಗೆ ಎಲ್ಲರ ಕೈಗೂ ಬಾರದು. ರಸ್ತೆಬದಿಯ ಗ್ಯಾರೇಜಿಗೆ ನಾನು ತಾಮ್ರವನ್ನೇ ಹೇಳುತ್ತೇನೆ. ಯಾವುದಾದರೂ ಸರಿ, ಕೊಳಾಯಿ ನೀರು ಬೇಡ, ಸುಣ್ಣ ಕಟ್ಟುತ್ತದೆ. ಕೂಲೆಂಟು ಅರ್ಧ, ಡಿಸ್ಟಿಲ್ಡ್ ನೀರು ಅರ್ಧ.

ಇನ್ನು ಮುಚ್ಚಳ. ಗಿರಣಿಯ ಅಣ್ಣಂದಿರು ಬಾಯ್ಲರು ಕಂಡವರು, ಹೋಟೆಲಿನವರು ಕುಕ್ಕರು ಕಂಡವರು. ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುವ ನೀರು 13 ಪೌಂಡು ಒತ್ತಡದ ಮುಚ್ಚಳದ ಕೆಳಗೆ 120ರ ಹತ್ತಿರದವರೆಗೂ ಕುದಿಯದು. ಹಾಗೆಂದು ಹಳೆಯ ರೇಡಿಯೇಟರಿಗೆ ಹೆಚ್ಚಿನ ಒತ್ತಡದ ಮುಚ್ಚಳ ಹಾಕಿದರೆ ಬೆಸುಗೆ ಬಿಡುತ್ತದೆ. ಇಂಜಿನ್ನು ಬಿಸಿಯಿರುವಾಗ ಸೇಟು ಗದರಿದರೂ ಮುಚ್ಚಳ ತಿರುಗಿಸಬೇಡಿ. ಒತ್ತಡ ಇಳಿದ ಕ್ಷಣವೇ ನೀರು ಭುಗ್ಗೆಂದು ಮುಖಕ್ಕೆ ಹಾರುತ್ತದೆ. ಪೂರ್ತಿ ಆರಲಿ. ಗಿರಾಕಿ ಕಾಯಲಿ.